ಹತ್ತು ಟನ್ ಸುಣ್ಣದಕಲ್ಲು, ಒಂದು ನಟ್ಟು

ಹೆಬ್ಬೈಲಿನ ವಾಸಪ್ಪನವರಿಗೆ ಇಂಜಿನಿಯರ್ ಪದವಿಯನ್ನು ಕೊಟ್ಟದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಹೊಸನಗರದ ಬಸ್ಸಿನ ಕಂಡಕ್ಟರು. ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗಿ, ಸಹೋದ್ಯೋಗಿಗಳು ತೊಡಿಸಿದ ಹಾರ ಕೊರಳಲ್ಲಿ, ಹಳದಿ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಅವರು ಬಸ್ಸು ಹತ್ತಿದ್ದನ್ನು ಕಂಡ ಆ ಪುಣ್ಯಾತ್ಮ, "ಇಂಜಿನಿಯರ್ ಸಾಹೇಬ್ರಿಗೆ ಸ್ವಲ್ಪ ಜಾಗ ಬಿಡ್ರಪ್ಪಾ" ಎಂದು ಕೂಗಿದ. ಅಲ್ಲ ಎನ್ನಲು ವಾಸಪ್ಪನವರು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಸೀಟು ಸಿಕ್ಕಿತು. ಬಾಯಿ ಮುಚ್ಚಿ ಕೂತರು.

ಅವರು ಕೆಲಸ ಮಾಡಿದ್ದು ಯೋಜನೆಯ ಸ್ಟೋರಿನಲ್ಲಿ. ನಟ್ಟು, ಬೋಲ್ಟು, ವಾಷರುಗಳನ್ನು ಎಣಿಸಿ ಕೊಡುವುದು, ಉಳಿದದ್ದನ್ನು ಎಣಿಸಿ ಇಡುವುದು. ಟರ್ಬೈನನ್ನು ಅವರು ಕಂಡದ್ದು ಒಟ್ಟು ಎರಡು ಸಲ, ಎರಡು ಸಲವೂ ಆಯುಧಪೂಜೆಯ ಮಂಡಕ್ಕಿ ತಿನ್ನುವಾಗ. ಆದರೆ ಊರಿನವರು ಕೆಟ್ಟ ಮಿಕ್ಸಿ, ಕೆಟ್ಟ ಟಾರ್ಚು, ಕೆಟ್ಟ ಟೀವಿ ತಂದು ಮುಂದಿಟ್ಟಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ವೋಲ್ಟೇಜ್ ಪ್ರಾಬ್ಲಮ್ಮು" ಎನ್ನುತ್ತಿದ್ದರು. ಮಲೆನಾಡಿನಲ್ಲಿ ಈ ಮಾತು ಹತ್ತಕ್ಕೆ ಒಂಬತ್ತು ಸಲ ಸರಿಯೇ ಆಗಿರುತ್ತದೆ. ಹಾಗಾಗಿ ಪದವಿಗೆ ಧಕ್ಕೆ ಬರಲಿಲ್ಲ.

ಧಕ್ಕೆ ಬಂದದ್ದು ಸುಣ್ಣದಿಂದ.

ಹೆಬ್ಬೈಲಿನ ಹನ್ನೊಂದು ಮನೆಯವರು ಸೇರಿ ಒಂದು ರೈತ ಗುಂಪು ಕಟ್ಟಿಕೊಂಡಿದ್ದರು. ಅವರ ಗದ್ದೆಗಳಲ್ಲಿ ಮೂರು ವರ್ಷಗಳಿಂದ ಭತ್ತ ಹಳದಿ ತಿರುಗಿ ನಿಲ್ಲುತ್ತಿತ್ತು. ಗೊಬ್ಬರ ಎಷ್ಟು ಸುರಿದರೂ ಅಷ್ಟೇ. ಮಣ್ಣು ಪರೀಕ್ಷೆ ಮಾಡಿಸಿದರೆ ಹನ್ನೊಂದು ಮನೆಗೂ ಒಂದೇ ಉತ್ತರ: ಮಣ್ಣು ಹುಳಿಯಾಗಿದೆ, ಮಳೆ ಹಿಡಿಯುವುದರೊಳಗೆ ಸುಣ್ಣ ಹಾಕಿ. ಸುಣ್ಣ ತರಿಸುವ ಜವಾಬ್ದಾರಿ ಯಾರದ್ದು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಕಣ್ಣೂ ಇಂಜಿನಿಯರ್ ಸಾಹೇಬರ ಕಡೆ ತಿರುಗಿತು.

ವಾಸಪ್ಪನವರು ಸಾಗರದ ವ್ಯಾಪಾರಿಯೊಬ್ಬನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಆ ಸ್ಪೀಕರ್ ಒಂದು ಇರದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಪುಡಿ ಬೇಕಾ ಸಾರ್, ಕಲ್ಲು ಬೇಕಾ?" ಎಂದು ವ್ಯಾಪಾರಿ ಕೇಳಿದ. "ಪುಡಿ ಚೀಲದಲ್ಲಿ ಬರ್ತದೆ. ಕಲ್ಲು ಲೋಡ್ ಲೆಕ್ಕ."

ಸುಣ್ಣದಲ್ಲಿ ಹೀಗೆ ಎರಡು ಜಾತಿ ಇದೆಯೆಂದು ವಾಸಪ್ಪನವರಿಗೆ ಗೊತ್ತಿರಲಿಲ್ಲ. ಆದರೆ ಹನ್ನೊಂದು ಮನೆಯವರು ಕಿವಿಗೊಟ್ಟು ಕೂತಿದ್ದಾರೆ. ಗೊತ್ತಿಲ್ಲ ಎನ್ನುವುದುಂಟೇ?

"ಕಲಬೆರಕೆ ಇರ್ಬಾರ್ದು ನೋಡಿ," ಎಂದರು ಗಂಭೀರವಾಗಿ. "ಭೂಮಿಲಿ ಹ್ಯಾಗಿರ್ತದೋ ಹಾಗೇ ಕಳ್ಸಿ. ಉಳಿದಿದ್ದು ನಮ್ಮ ಕಡೆ ನೋಡ್ಕೋತೀವಿ."

"ಮಷೀನ್ ಉಂಟಾ ಸಾರ್ ನಿಮ್ಮತ್ರ?"

"ಮೂವತ್ತೊಂದು ವರ್ಷ ಮಷೀನಿನ ಮಧ್ಯನೇ ಇದ್ದವ ನಾನು!"

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವ್ಯಾಪಾರಿ ಸಂತೋಷದಿಂದ ಫೋನಿಟ್ಟ.

ನಾಲ್ಕನೆಯ ದಿನ ಲಾರಿ ಬಂತು. ಹನ್ನೊಂದು ಮನೆಯವರು ಬುಟ್ಟಿ, ಚೀಲ, ಬಕೆಟ್ಟು ಹಿಡಿದು ವಾಸಪ್ಪನವರ ಕಣದಲ್ಲಿ ಸಾಲಾಗಿ ನಿಂತಿದ್ದರು. ಲಾರಿಯ ಹಿಂಭಾಗ ಮೇಲೆದ್ದಿತು. ಗುಡುಗಿನ ಸದ್ದಾಯಿತು. ಧೂಳು ಇಳಿದು ನೋಡಿದರೆ ಕಣದ ತುಂಬ ಬೂದು ಬಿಳಿ ಬಂಡೆಗಳು. ಸಣ್ಣವು ಕುಂಬಳಕಾಯಿಯಷ್ಟು, ದೊಡ್ಡವು ಮಲಗಿದ ಕರುವಿನಷ್ಟು. ಹತ್ತು ಟನ್.

ಗುಂಪಿನಲ್ಲೇ ಹಿರಿಯಳಾದ ಕನ್ನಮ್ಮ ಬುಟ್ಟಿಯನ್ನು ಕೆಳಗಿಟ್ಟು, ನಿಜವಾದ ಕುತೂಹಲದಿಂದ ಕೇಳಿದಳು:

"ವಾಸಪ್ಪಾ, ಇದನ್ನ ಬಿತ್ತದಾ, ನೆಡದಾ?"

ವಾಸಪ್ಪನವರ ಹೆಂಡತಿ ವರದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ವಾಸಪ್ಪನವರು ಮಾತ್ರ ಒಂದು ಬಂಡೆಯ ಮೇಲೆ ಕಾಲಿಟ್ಟು ನಿಂತು, "ಬೇಕಂತಲೇ ತರ್ಸಿದ್ದು," ಎಂದರು. "ಚೀಲದ ಪುಡಿಲಿ ಎಂಥ ಬೆರ್ಸಿರ್ತಾರೆ ಯಾರಿಗೊತ್ತು? ನಮ್ಮ ಕಣ್ಣೆದುರಿಗೇ ಪುಡಿ ಮಾಡದು. ಮಷೀನ್ ಬರ್ತದೆ."

"ಯಾವತ್ತು ಬರ್ತದೆ?"

"ದಾರೀಲಿದೆ," ಎಂದರು ವಾಸಪ್ಪನವರು. ಎಲ್ಲಿಯ ದಾರಿ ಎಂದು ಯಾರೂ ಕೇಳಲಿಲ್ಲ, ದೇವರು ದೊಡ್ಡವನು.

ಮಳೆಗೆ ಇನ್ನು ಮೂರು ವಾರ. ಅಷ್ಟರಲ್ಲಿ ಈ ಬಂಡೆಗಳು ಹಿಟ್ಟಾಗಿ ಹನ್ನೊಂದು ಮನೆಯ ಗದ್ದೆ ಸೇರದಿದ್ದರೆ ಇನ್ನೊಂದು ವರ್ಷದ ಬೆಳೆ ಹಳದಿ. ಊಟದ ಹೊತ್ತಿಗೆ ವರದಮ್ಮ ಅನ್ನ ಬಡಿಸುತ್ತಾ ಹೇಳಿದರು:

"ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತು. ನಾಲ್ಕಕ್ಷರ."

"ಮೂರಕ್ಷರ," ಎಂದರು ವಾಸಪ್ಪನವರು. ಎಣಿಕೆಯಲ್ಲಿ ಅವರು ಎಂದೂ ತಪ್ಪಿದವರಲ್ಲ.

ಮರುದಿನ ಬೆಳಿಗ್ಗೆ ವರದಮ್ಮ ತರಕಾರಿ ಹಿತ್ತಲಿನ ಬೇಲಿಗೆ ಕಟ್ಟಿದ್ದ 'ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ' ಎಂಬ ಬೋರ್ಡನ್ನು ಬಿಚ್ಚಿ ತಂದು ಕಲ್ಲಿನ ರಾಶಿಯ ನೆತ್ತಿಗೆ ನೆಟ್ಟರು.

"ಇದನ್ನ ಯಾರು ಕದೀತಾರೆ ಮಾರಾಯ್ತಿ?"

"ಕದಿಯೋರು ಬರ್ಲಿ ಅಂತ್ಲೇ ನಾನು ಬೇಡ್ಕೊಂಡೆ. ಬೋರ್ಡ್ ಹಾಕಿದ್ದು ನಿಮ್ಮ ಮರ್ಯಾದೆ ಕಾಯ್ಲಿ ಅಂತ."

ಆ ದಿನವೇ ವಾಸಪ್ಪನವರು ಹೊಸನಗರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಾ ದನಿ ತಗ್ಗಿಸಿ ಕೇಳಿದರು: "ಈ ಕಲ್ಲು ಪುಡಿ ಮಾಡೋ ಮಷೀನು ಎಲ್ಲಾದ್ರೂ ಸಿಗ್ತದಾ?"

ದನಿ ತಗ್ಗಿಸಿದ್ದೇ ತಪ್ಪಾಯಿತು. ಜೋರಾಗಿ ಕೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಟೀ ಆರುವಷ್ಟರಲ್ಲಿ 'ಹೆಬ್ಬೈಲಿನ ಇಂಜಿನಿಯರು ಕ್ರಷರ್ ಹಾಕ್ತಾರಂತೆ' ಎಂದಾಯಿತು. ಮಧ್ಯಾಹ್ನದ ಬಸ್ಸಿನೊಡನೆ ಸುದ್ದಿ ರಿಪ್ಪನ್‌ಪೇಟೆ ಮುಟ್ಟಿದಾಗ ಒಂದು ಗುಡ್ಡ ಲೀಸ್ ಆಗಿತ್ತು. ಸಾಗರ ತಲುಪಿದಾಗ ಎರಡು ಗುಡ್ಡ. ಸಂಜೆ ಕಾರ್ಗಲ್ಲಿನಿಂದ ಹಳೆಯ ಸಹೋದ್ಯೋಗಿಯೇ ಫೋನು ಮಾಡಿ, "ವಾಸಪ್ಪಣ್ಣ, ಡೈನಮೈಟ್ ಹತ್ರ ಹುಷಾರಾಗಿರಪ್ಪಾ. ಅದು ನಟ್ಟು ಬೋಲ್ಟಲ್ಲ," ಎಂದು ಕಾಳಜಿ ತೋರಿದ.

ಮರುದಿನದಿಂದ ಮನೆಗೆ ಜನ. ವರದಮ್ಮನವರ ತಮ್ಮ ಸತೀಶ್ ಕಪ್ಪು ಕನ್ನಡಕ ಹಾಕಿ, ಬಟ್ಟೆಯ ಬ್ಯಾಗಿನೊಂದಿಗೆ ಬಂದಿಳಿದ.

"ಭಾವ, ಸೂಪರ್‌ವೈಸರ್ ಕೆಲ್ಸ ಬೇರೆಯವ್ರಿಗೆ ಕೊಟ್ರೆ ನಾನು ಈ ಮನೆ ಮೆಟ್ಲು ತುಳಿಯಲ್ಲ."

"ಕೆಲ್ಸ ಇಲ್ಲ ಮಾರಾಯ. ಸುಣ್ಣ ಪುಡಿ ಮಾಡದಷ್ಟೆ."

"ಗೊತ್ತು ಗೊತ್ತು. ಹೊರಗೆ ಹಾಗೇ ಹೇಳ್ಬೇಕು," ಎಂದು ಸತೀಶ್ ಕಣ್ಣು ಹೊಡೆದು ಬ್ಯಾಗನ್ನು ಒಳಗಿಟ್ಟ.

ಪಕ್ಕದ ಕೇರಿಯಿಂದ ಬಂದ ಮೂವರು ಹಿರಿಯರು, ಬ್ಲಾಸ್ಟಿಂಗನ್ನು ತಮ್ಮ ಮನೆಯ ಮದುವೆ ಮುಗಿಯುವವರೆಗೆ ಮುಂದೂಡಬೇಕೆಂದು ಕೈಮುಗಿದರು. ಬ್ಲಾಸ್ಟಿಂಗೇ ಇಲ್ಲ ಎಂದು ವಾಸಪ್ಪನವರು ಬಾರಿ ಬಾರಿ ಹೇಳಿದರು. "ದೊಡ್ಡ ಮನಸ್ಸು ನಿಮ್ದು, ಮುಂದೂಡಿದ್ರಲ್ಲ," ಎಂದು ಅವರು ಒಂದು ಹಲಸಿನಹಣ್ಣು ಕೊಟ್ಟು ಹೋದರು.

ಆದರೆ ಎಲ್ಲರೂ ಹಲಸಿನಹಣ್ಣು ತರುವವರಲ್ಲ. ಹೊಳೆಯಾಚೆಯ ಮಹಾಗಣಪತಿ ಹೆಗಡೆಯವರು ನಿವೃತ್ತ ಮೇಷ್ಟರು. ಅರ್ಜಿ ಬರೆಯುವುದರಲ್ಲಿ ಆ ಸೀಮೆಗೇ ಅವರನ್ನು ಮೀರಿಸುವವರಿರಲಿಲ್ಲ. ಬಸ್ಸು ಐದು ನಿಮಿಷ ಬೇಗ ಬಂದದ್ದಕ್ಕೂ ಅವರು ಅರ್ಜಿ ಬರೆದದ್ದುಂಟು, ಹತ್ತು ನಿಮಿಷ ತಡವಾದದ್ದಕ್ಕೂ. ಈಗ ಅವರು ನಾಲ್ಕು ಪುಟ ಬರೆದರು. 'ಕಿವಿಗಡಚಿಕ್ಕುವ ಶಬ್ದದಿಂದ ಜಾನುವಾರುಗಳು ಹಾಲು ಬತ್ತಿಸಿಕೊಂಡಿರುವುದಲ್ಲದೆ, ಗುಡ್ಡಗಳು ದಿನೇ ದಿನೇ ಕರಗುತ್ತಿರುವುದನ್ನು ಬರಿಗಣ್ಣಿನಿಂದ ಕಾಣಬಹುದಾಗಿರುತ್ತದೆ.' ಅರವತ್ತನಾಲ್ಕು ಜನ ಸಹಿ ಹಾಕಿದರು. ಯಾವ ಮಷೀನೂ ಇನ್ನೂ ಬಂದಿರಲಿಲ್ಲ ಎಂಬುದು ಬೇರೆ ಮಾತು.

ಮಷೀನು ಇದ್ದದ್ದು ತೀರ್ಥಹಳ್ಳಿಯ ಹೊರವಲಯದಲ್ಲಿ, ದುಗ್ಗಪ್ಪ ಎಂಬ ಎಂಬತ್ತೆರಡು ವರ್ಷದ ಮೆಕ್ಯಾನಿಕನ ತಗಡಿನ ಶೆಡ್ಡಿನಲ್ಲಿ. ಹೋಟೆಲಿನ ಮುದುಕನೊಬ್ಬ ಕೊಟ್ಟ ಸುಳಿವು ಹಿಡಿದು ವಾಸಪ್ಪನವರು ಅಲ್ಲಿಗೆ ಹೋದಾಗ ದುಗ್ಗಪ್ಪ ಟಾರ್ಪಾಲು ಸರಿಸಿ ತೋರಿಸಿದ. ಎರಡು ಬದಿಗೂ ಎದೆಯೆತ್ತರದ ಚಕ್ರಗಳಿದ್ದ, ತಲೆಯ ಮೇಲೆ ನೀರಿನ ತೊಟ್ಟಿ ಹೊತ್ತ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನು. ಅದಕ್ಕೆ ಪಟ್ಟಿಯಿಂದ ಜೋಡಿಸುವ ಕಲ್ಲುಗಿರಣಿ: ಮೇಲೆ ಕಬ್ಬಿಣದ ದವಡೆ, ಕೆಳಗೆ ಹಿಟ್ಟು ಮಾಡುವ ಸುತ್ತಿಗೆಗಳ ಗೂಡು. ಸ್ವಾತಂತ್ರ್ಯಕ್ಕೆ ಮೊದಲೇ ಹಡಗಿನಲ್ಲಿ ಬಂದದ್ದಂತೆ.

"ನಾನು ಹದಿನಾರು ವರ್ಷದವ ಆಗಿದ್ದಾಗ ನಮ್ಮ ಯಜಮಾನ್ರು ಇದನ್ನ ಎತ್ತಿನಗಾಡಿಲಿ ಹೇರ್ಕೊಂಡು ಊರೂರು ತಿರುಗ್ತಿದ್ರು," ಎಂದ ದುಗ್ಗಪ್ಪ. "ಸುಣ್ಣದಕಲ್ಲು ಪುಡಿ ಮಾಡಿ ಗದ್ದೆಗೆ ಕೊಡದು. ಆಮೇಲೆ ಚೀಲದ ಪುಡಿ ಬಂತು. ಇದನ್ನ ಯಾರೂ ಕೇಳ್ಲಿಲ್ಲ. ಯಜಮಾನ್ರು ಹೋದ್ಮೇಲೆ ಗುಜರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲ. ವರ್ಷಕ್ಕೊಂದು ಸಲ ಎಣ್ಣೆ ಹಾಕಿ ಇಟ್ಟಿದೀನಿ."

ವಾಸಪ್ಪನವರು ಇಂಜಿನಿಯರಿಗೆ ತಕ್ಕಂತೆ ಚಕ್ರವನ್ನು ಎರಡು ಸಲ ತಟ್ಟಿ, ಹುಬ್ಬು ಗಂಟಿಕ್ಕಿ ಕೇಳಿದರು: "ವೋಲ್ಟೇಜ್ ಹ್ಯಾಗಿದೆ?"

"ಇದು ಡೀಸೆಲ್ ಎಂಜಿನ್ನು ಸ್ವಾಮಿ."

"ಗೊತ್ತು, ಗೊತ್ತು. ನಿಮ್ಮ ಊರಿಂದು ಕೇಳ್ದೆ."

ಬಾಡಿಗೆ ಏನೆಂದು ಕೇಳಿದರೆ ದುಗ್ಗಪ್ಪ ನಕ್ಕ. "ಇದು ಇನ್ನೊಂದು ಸಲ ಉಸಿರು ಬಿಡದು ಕೇಳ್ಬೇಕು ಅಂತಿದ್ದೆ. ಡೀಸೆಲ್ ನಿಮ್ದು. ನಂಗೊಂದು ಊಟ ಹಾಕಿ ಸಾಕು."

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಯಂತ್ರ ಹೆಬ್ಬೈಲಿಗೆ ಬಂದ ಬೆಳಿಗ್ಗೆಯೇ ಗ್ರಾಮ ಆಡಳಿತಾಧಿಕಾರಿ ಪೂರ್ಣೇಶ್ ಅರ್ಜಿ ಹಿಡಿದು ಬಂದರು. ಅವರ ಹಿಂದೆ ಮಹಾಗಣಪತಿ ಹೆಗಡೆಯವರು, ಹೆಗಡೆಯವರ ಹಿಂದೆ ಅರವತ್ತನಾಲ್ಕು ಸಹಿಗಳಲ್ಲಿ ನಡೆಯಬಲ್ಲವರೆಲ್ಲರೂ. ಇತ್ತ ಕಲ್ಲಿನ ರಾಶಿಯ ಪಕ್ಕ ಹನ್ನೊಂದು ಮನೆಯವರು, ಮತ್ತೆ ಅವೇ ಬುಟ್ಟಿಗಳು.

ಪೂರ್ಣೇಶ್ ತಾಳ್ಮೆಯ ಮನುಷ್ಯ. ಅರ್ಜಿಯನ್ನು ಒಂದು ಸಲ ಓದಿದರು, ಕಣವನ್ನು ಒಂದು ಸುತ್ತು ನೋಡಿದರು.

"ಕರಗ್ತಾ ಇರೋ ಗುಡ್ಡ ಯಾವ್ದು?"

ಎಲ್ಲರೂ ಸುತ್ತಲಿನ ಗುಡ್ಡಗಳನ್ನು ನೋಡಿದರು. ಎಲ್ಲವೂ ಇದ್ದಲ್ಲೇ ಇದ್ದವು.

"ಮುಂದೆ ಕರಗಬಹುದಾದದ್ದು," ಎಂದು ಹೆಗಡೆಯವರು ತಿದ್ದುಪಡಿ ಮಾಡಿದರು.

"ಕಿವಿಗಡಚಿಕ್ಕುವ ಶಬ್ದ?"

ಕಣದಲ್ಲಿ ಕೋಳಿಯೊಂದು ಕೆದಕುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಹೀಗಾದ್ರೆ ನಾನು ವರದಿ ಏನಂತ ಬರೀಲಿ?" ಎಂದರು ಪೂರ್ಣೇಶ್. "ಶಬ್ದ ಉಂಟು ಅಂತ ಅರ್ಜಿ. ಶಬ್ದ ಕೇಳದೆ ನಾನು ಉಂಟು ಅನ್ನೋಹಾಗಿಲ್ಲ, ಇಲ್ಲ ಅನ್ನೋಹಾಗೂ ಇಲ್ಲ. ಸ್ಟಾರ್ಟ್ ಮಾಡಿ ತೋರ್ಸಿ."

ಯಂತ್ರವನ್ನು ನಿಲ್ಲಿಸಬೇಕೆಂದು ಬಂದವರೂ ಓಡಿಸಬೇಕೆಂದು ಕಾದವರೂ ಒಂದೇ ಸಲಕ್ಕೆ, "ಹೌದು, ಸ್ಟಾರ್ಟ್ ಆಗ್ಲಿ!" ಎಂದು ಕೂಗಿದರು.

ದುಗ್ಗಪ್ಪ ಕಿವಿಯ ಹಿಂದಿನಿಂದ ಒಂದು ಬೀಡಿ ತೆಗೆದು ಹಚ್ಚಿ, ಎರಡು ದಂ ಎಳೆದು, ಎಂಜಿನ್ನಿನ ತಲೆಯಲ್ಲಿದ್ದ ಸಣ್ಣ ಬಿರಡೆಯನ್ನು ಬಿಚ್ಚಿ, ಉರಿಯುವ ತುಂಡನ್ನು ಅದಕ್ಕೆ ಸಿಕ್ಕಿಸಿ ಮತ್ತೆ ತಿರುಗಿಸಿದ. "ಇದಕ್ಕೆ ಬೇಕಾದ ಕಾಗದದ ಬತ್ತಿ ಈಗ ಸಿಗಲ್ಲ. ಬೀಡಿ ಅಭ್ಯಾಸ ಮಾಡ್ಸಿದೀನಿ," ಎಂದು ವಿವರಿಸಿದ. ಎಂಜಿನ್ನು ಬೀಡಿ ಸೇದುವುದನ್ನು ಅಲ್ಲಿಯವರೆಗೆ ಕಾಣದ ಜನ ಎರಡು ಹೆಜ್ಜೆ ಮುಂದೆ ಬಂದರು.

"ನಾನು ಹ್ಯಾಂಡಲ್ ತಿರುಗಿಸ್ತೀನಿ," ಎಂದ ದುಗ್ಗಪ್ಪ. "ವೇಗ ಬಂದಾಗ 'ಹಾಂ' ಅಂತೀನಿ. ಇಂಜಿನಿಯರ್ ಸಾಹೇಬ್ರು ಲಿವರ್ ಬಿಡ್ಲಿ. ನಿಮಗೆ ನಾನು ಹೇಳಿಕೊಡದು ಎಂಥದ್ದು?"

ವಾಸಪ್ಪನವರು ನೋಡಿದರು. ಎಂಜಿನ್ನಿನ ಆ ಬದಿಯಲ್ಲಿ ಹಿಡಿಯಬಹುದಾದ ವಸ್ತುಗಳು ಮೂರಿದ್ದವು. ಮೂರೂ ಲಿವರಿನಂತೆಯೇ ಕಂಡವು. ದುಗ್ಗಪ್ಪ ತಿರುಗಿಸಿದ, ಚಕ್ರಗಳು ಗುಂಯ್ ಎಂದವು, "ಹಾಂ!" ಎಂದ. ವಾಸಪ್ಪನವರು ಸಿಗಂದೂರಮ್ಮನನ್ನು ನೆನೆದು ನಡುವಿನದನ್ನು ಎಳೆದರು.

ಅದು ನೀರಿನ ತೊಟ್ಟಿಯ ನಲ್ಲಿ. ಕೆಂಪು ತುಕ್ಕುನೀರು ಕಾರಂಜಿಯಾಗಿ ಚಿಮ್ಮಿ, ಪೂರ್ಣೇಶರ ಕೈಲಿದ್ದ ಅರ್ಜಿಯ ನಾಲ್ಕೂ ಪುಟಗಳನ್ನು ತೋಯಿಸಿ, ಹೆಗಡೆಯವರ ಬಿಳಿ ಪಂಚೆಯ ಮೇಲೆ ಒಂದು ಭೂಪಟ ಬರೆದು ನಿಂತಿತು. ಅರವತ್ತನಾಲ್ಕು ಸಹಿಗಳು ಒಂದರೊಳಗೊಂದು ಇಳಿದು ನೀಲಿಯಾದವು.

ಚಕ್ರಗಳು ನಿಧಾನವಾಗಿ ನಿಂತವು. ದುಗ್ಗಪ್ಪ ವಾಸಪ್ಪನವರ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ವಾಸಪ್ಪನವರು ವೋಲ್ಟೇಜಿನ ಬಗ್ಗೆ ಏನಾದರೂ ಹೇಳಿ ಪಾರಾಗುತ್ತಿದ್ದರೋ ಏನೋ. ಎಂಬತ್ತೆರಡು ವರ್ಷದ ಮುದುಕ ಏದುಸಿರು ಬಿಡುತ್ತಾ, ಬೆವರು ಒರೆಸಿಕೊಂಡು, ಮತ್ತೆ ತಿರುಗಿಸಲು ಹ್ಯಾಂಡಲಿಗೆ ಕೈಹಾಕಿದ್ದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

"ತಡೀರಿ ದುಗ್ಗಪ್ಪಣ್ಣ," ಎಂದರು. "ನಾನು ಇಂಜಿನಿಯರ್ ಅಲ್ಲ."

ಕೆದಕುತ್ತಿದ್ದ ಕೋಳಿಯೂ ತಲೆ ಎತ್ತಿತು.

"ಸ್ಟೋರಲ್ಲಿದ್ದೆ ನಾನು. ನಟ್ಟು ಬೋಲ್ಟು ಎಣಿಸ್ತಿದ್ದೆ. ಕಲ್ಲು ಬೇಕಂತ ತರ್ಸಿದ್ದಲ್ಲ, ಗೊತ್ತಿಲ್ದೆ ತರ್ಸಿದ್ದು. ಲಿವರ್ ಯಾವ್ದು ಅಂತ್ಲೂ ಗೊತ್ತಿಲ್ಲ."

ಕನ್ನಮ್ಮ ನಿಧಾನವಾಗಿ ಹೇಳಿದಳು: "ಅದು ನಮ್ಗೆ ಗೊತ್ತಿತ್ತು ಮಾರಾಯ. ನನ್ನ ಟಾರ್ಚಿಗೆ ಎಲ್ಲಿಂದ ವೋಲ್ಟೇಜು? ನಿಂಗೆ ಬೇಜಾರಾಗ್ತದೆ ಅಂತ ಯಾರೂ ಹೇಳ್ಲಿಲ್ಲ."

ವಾಸಪ್ಪನವರು ಹನ್ನೊಂದು ಮನೆಯವರ ಮುಖ ನೋಡಿದರು. ಒಬ್ಬರಿಗೂ ಆಶ್ಚರ್ಯವಾದಂತಿರಲಿಲ್ಲ. ಇಷ್ಟು ವರ್ಷ ತಾನು ಊರಿಗೆ ಉಪಕಾರ ಮಾಡುತ್ತಿದ್ದೇನೆಂದು ಅವರು ನಂಬಿದ್ದರು. ಊರೇ ಕೆಟ್ಟ ಮಿಕ್ಸಿಗಳನ್ನು ತಂದು ತಂದು ತನಗೆ ಉಪಕಾರ ಮಾಡಿತ್ತು.

ಅಷ್ಟರಲ್ಲಿ ದುಗ್ಗಪ್ಪ ಗಿರಣಿಯ ಕಡೆ ಬಗ್ಗಿದವನು, "ಅಯ್ಯೋ" ಎಂದ. ಪಟ್ಟಿ ತಿರುಗುವ ಗಾಲಿಯನ್ನು ಹಿಡಿದಿಡುವ ದೊಡ್ಡ ನಟ್ಟು ಮಾಯವಾಗಿತ್ತು. ತೀರ್ಥಹಳ್ಳಿಯಿಂದ ಬರುವಾಗ ಯಾವ ಗುಂಡಿಯಲ್ಲಿ ಉದುರಿತೋ. ಸತೀಶ್ ಬೈಕಿನಲ್ಲಿ ಹೊಸನಗರಕ್ಕೆ ಹಾರಿ ಹೋಗಿ ಆರು ನಟ್ಟು ತಂದ. ಆರೂ ಒಂದು ಸುತ್ತು ತಿರುಗಿ ಕಚ್ಚಿಕೊಂಡವು.

"ಮುಗೀತು," ಎಂದ ದುಗ್ಗಪ್ಪ. "ಇದಕ್ಕೆ ಬೇರೆ ಸಿಗಲ್ಲ."

ವಾಸಪ್ಪನವರು ಮುಂದೆ ಬಂದು ಬೋಲ್ಟಿನ ಮರೆಗಳ, ಅಂದರೆ ತಿರುಪಿನ ಗೀರುಗಳ, ಮೇಲೆ ಹೆಬ್ಬೆರಳನ್ನು ಆಡಿಸಿದರು. ಒಮ್ಮೆ, ಇನ್ನೊಮ್ಮೆ. ಆ ಕ್ಷಣದಲ್ಲಿ ಅವರ ಮುಖದಲ್ಲಿ ಇಂಜಿನಿಯರಿನ ಗಂಭೀರತೆ ಇರಲಿಲ್ಲ.

"ಇದು ಮುಕ್ಕಾಲು ಇಂಚು," ಎಂದರು. "ಹಳೇ ಇಂಗ್ಲಿಷ್ ಮರೆ. ಇಂಚಿಗೆ ಹತ್ತು ಸುತ್ತು. ಈಗಿನ ಅಂಗಡಿಲಿ ಬರೋದು ಮಿಲಿಮೀಟರಿಂದು, ಇದಕ್ಕೆ ಕೂರಲ್ಲ. ನಮ್ಮ ಸ್ಟೋರಲ್ಲಿ ಇಂಥದ್ದಕ್ಕೇ ಬೇರೆ ಗೂಡಿತ್ತು." ಸ್ವಲ್ಪ ತಡೆದು, "ಒಂದು ಕಡೆ ಇಂಥದ್ದೇ ನೋಡಿದೀನಿ. ಹೆಗಡೇರ ಕೆರೆ ದಂಡೆಮೇಲೆ ಒಂದು ಹಳೇ ಪಂಪು ಬಿದ್ದಿದ್ಯಲ್ಲ, ಅದರ ಬುಡದಲ್ಲಿ ನಾಲ್ಕಿದೆ."

ಎಲ್ಲರೂ ಹೆಗಡೆಯವರ ಕಡೆ ತಿರುಗಿದರು. ಪಂಚೆಯ ಭೂಪಟವನ್ನು ಹಿಂಡುತ್ತಿದ್ದ ಹೆಗಡೆಯವರಿಗೆ ಧರ್ಮಸಂಕಟವಾಯಿತು. ಕೊಟ್ಟರೆ ತಾವೇ ಬರೆದ ಅರ್ಜಿಗೆ ತಾವೇ ದ್ರೋಹ ಬಗೆದಂತೆ. ಕೊಡದಿದ್ದರೆ, ಇಡೀ ಮೂರು ತಾಲೂಕಿನಲ್ಲಿ ತಮ್ಮ ಒಬ್ಬರ ಮನೆಯಲ್ಲಿ ಮಾತ್ರ ಇರುವ ನಟ್ಟು ಎಂಬ ಕೀರ್ತಿ ಕೈತಪ್ಪಿದಂತೆ.

"ನಮ್ಮ ಅಜ್ಜ ತರಿಸಿದ ಪಂಪು ಅದು," ಎಂದರು ಕೊನೆಗೆ. "ಈಗಿನ ಕಾಲದ ಬೇಗಡೆ ಅಲ್ಲ. ಬೇರೆ ಯಾರೂ ಮುಟ್ಟಬೇಡಿ, ಮರೆ ಕೆಡಿಸ್ತೀರಿ. ಎಂತ ಮಾಡೋದು, ನಾನೇ ಬಿಚ್ಚಿ ತರ್ತೇನೆ."

ಅವರು ನಟ್ಟನ್ನು ಬಾಳೆಲೆಯಲ್ಲಿ ಸುತ್ತಿ, ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತಂದರು. ವಾಸಪ್ಪನವರು ಅದನ್ನು ಬೋಲ್ಟಿಗೆ ಇಟ್ಟು ಒಂದು ಬೆರಳಿನಿಂದ ತಿರುಗಿಸಿದರು. ಬೆಣ್ಣೆಯಂತೆ ಒಳಗೆ ಹೋಯಿತು. ಅರ್ಜಿಗೆ ಸಹಿ ಹಾಕಿದವರೆಲ್ಲ ಚಪ್ಪಾಳೆ ತಟ್ಟಿದರು.

ಇನ್ನು ಉಳಿದದ್ದು ಲಿವರು. ದುಗ್ಗಪ್ಪ ಕನ್ನಮ್ಮನಿಗೆ ತೋರಿಸಿದ: ಇದನ್ನು ಎತ್ತಿ ಹಿಡಿದರೆ ಒಳಗಿನ ಒತ್ತಡ ಹೊರಗೆ ಹೋಗುತ್ತದೆ, 'ಹಾಂ' ಎಂದಾಗ ಬಿಟ್ಟುಬಿಡಬೇಕು.

"ಕುಕ್ಕರ್ ಸೀಟಿ ಎತ್ತಿ ಬಿಟ್ಟ ಹಾಗೆ ಅಲ್ದಾ?" ಎಂದಳು ಕನ್ನಮ್ಮ. "ಇದಕ್ಕೆ ಇಷ್ಟು ಓದಿದವ್ರು ಯಾಕೆ?"

ಮುದುಕನಿಗೆ ಇನ್ನು ತಿರುಗಿಸಲು ಬಿಡುವುದಿಲ್ಲ ಎಂದು ಜನ ಹಟ ಹಿಡಿದರು. ಎಂಜಿನ್ನಿಗೆ ಎರಡು ಬದಿಗೂ ಹ್ಯಾಂಡಲಿತ್ತು. ಒಂದನ್ನು ಹೆಗಡೆಯವರು ಹಿಡಿದರು. ತಮ್ಮ ನಟ್ಟು ಎಂದಮೇಲೆ ಹಿಡಿಯದೆ ಹೇಗೆ? ಇನ್ನೊಂದನ್ನು, ವಾಚು ಬಿಚ್ಚಿ ಜೇಬಿಗೆ ಹಾಕಿ, ಪೂರ್ಣೇಶ್ ಹಿಡಿದರು. ಅರ್ಜಿದಾರರೂ ಅಧಿಕಾರಿಯೂ ಒಂದೇ ಕಡೆಗೆ ಬಲ ಹಾಕಿದ ದೃಶ್ಯ ಅಲ್ಲಿಯವರಿಗೆಲ್ಲ ಹೊಸದು. ದುಗ್ಗಪ್ಪ ಹೊಸ ಬೀಡಿ ಸಿಕ್ಕಿಸಿದ. ಚಕ್ರಗಳು ತಿರುಗಿದವು, ಇನ್ನೂ ತಿರುಗಿದವು.

"ಹಾಂ!"

ಕನ್ನಮ್ಮ ಬಿಟ್ಟಳು. ಢಬ್. ಮೌನ. ಮತ್ತೊಂದು ಢಬ್. ಹೊಗೆಕೊಳವೆಯಿಂದ ಒಂದು ದುಂಡನೆಯ ಉಂಗುರ ಹೊರಟು ಗಾಳಿಯಲ್ಲಿ ತೇಲಿತು. ಆಮೇಲೆ ಢಬ್ ಢಬ್ ಢಬ್ ಎಂದು ಇಡೀ ಕಣವೇ ನಡುಗತೊಡಗಿತು. ದುಗ್ಗಪ್ಪ ಮುಖ ತಿರುಗಿಸಿ ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡ. ಹೊಗೆ ಹೋಯಿತೆಂದು ಹೇಳಿದ. ಹೊಗೆ ಹೋದದ್ದು ಬೇರೆ ದಿಕ್ಕಿಗೆ.

ಪೂರ್ಣೇಶ್ ಒದ್ದೆ ಅರ್ಜಿಯ ಹಿಂಬದಿಗೇ ವರದಿ ಗೀಚಿದರು: 'ಶಬ್ದ ಉಂಟು. ಗುಡ್ಡ ಇಲ್ಲ. ಕೃಷಿ ಸುಣ್ಣ.'

"ಒಂದ್ಸಲ ನಿಂತ್ರೆ ಇವತ್ತಿಗೆ ಏಳಲ್ಲ ಇದು," ಎಂದು ದುಗ್ಗಪ್ಪ ಸದ್ದಿನ ಮೇಲೆ ಕೂಗಿದ. "ಕಲ್ಲು ಮುಗಿಯೋವರೆಗೂ ಹಾಕ್ತಾ ಇರಿ!"

ಹತ್ತು ಟನ್ ಕಲ್ಲು ಹನ್ನೊಂದು ಮನೆಯವರಿಂದ ಒಂದು ದಿನದಲ್ಲಿ ಸಾಗುವ ಕೆಲಸವಲ್ಲ. ಆದರೆ ತಡೆಯಲು ಬಂದವರು ಅರವತ್ತು ಜನ ಇದ್ದರಲ್ಲ? ಮಲೆನಾಡಿನವನಿಗೆ ಇನ್ನೊಬ್ಬ ಕೆಲಸ ಮಾಡುವುದನ್ನು ಕೈಕಟ್ಟಿ ನೋಡುವುದು ಸಾಧ್ಯವಿಲ್ಲ; 'ಹಾಗಲ್ಲ, ಹೀಗೆ' ಎಂದು ಹೇಳಲೇಬೇಕು, ಹೇಳಿದ ಮೇಲೆ ತೋರಿಸಲೇಬೇಕು. ಅರ್ಧ ಗಂಟೆಯೊಳಗೆ ಬಂಡೆ ಒಡೆಯುವವರ ಒಂದು ಸಾಲು, ಹೊರುವವರ ಒಂದು ಸಾಲು, ದವಡೆಗೆ ಹಾಕುವವರ ಒಂದು ಸಾಲು, ಚೀಲ ಹಿಡಿಯುವವರ ಇನ್ನೊಂದು ಸಾಲು ಆಯಿತು. ದೇವಿಯ ಬೋರ್ಡನ್ನು ವರದಮ್ಮ ಕೈಮುಗಿದು ತೆಗೆದರು. ಸತೀಶ್ ಕಪ್ಪು ಕನ್ನಡಕ ಹಾಕಿಕೊಂಡು ಕೊನೆಗೂ ಸೂಪರ್‌ವೈಸ್ ಮಾಡಿದ. ಧೂಳಿನಲ್ಲಿ ಕಣ್ಣು ಬಿಡಲು ಬರುತ್ತಿದ್ದದ್ದು ಅವನೊಬ್ಬನಿಗೇ. ಉಳಿದವರು ಬಾಯಿಮೂಗಿಗೆ ಟವೆಲು ಕಟ್ಟಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅಡಿಯಿಂದ ಮುಡಿವರೆಗೆ ಬೆಳ್ಳಗಾಗಿ, ದೂರು ಕೊಟ್ಟವರು ಯಾರು, ದೂರಿಗೆ ಒಳಗಾದವರು ಯಾರು ಎಂದು ಗುರುತಿಸುವಂತಿರಲಿಲ್ಲ.

ವರದಮ್ಮ ಮೂವತ್ತು ಜನಕ್ಕೆ ಅಡುಗೆ ಮಾಡಿದ್ದರು. ಉಂಡವರು ತೊಂಬತ್ತು. ಅದು ಹೇಗಾಯಿತೆಂದು ಅವರನ್ನು ಕೇಳಿದರೆ, ಹೊಳೆಯಾಚೆಯಿಂದ ಹೆಗಡೆಯವರ ಮಡದಿ ವಾಗ್ದೇವಿಯಮ್ಮ ಒಂದು ಕೊಳಗ ಮಜ್ಜಿಗೆ ಕಳಿಸಿದ್ದು, ಪಕ್ಕದ ಕೇರಿಯ ಮೂವರು ಹಿರಿಯರು ಅವಲಕ್ಕಿ ತಂದದ್ದು, ಮನೆಮನೆಯಿಂದ ಹಲಸು ಬಂದದ್ದು, ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತಾರೆ. ಅಂದು ಬಂದವರಲ್ಲಿ ಅವರು ಒಬ್ಬರನ್ನೂ ಮರೆತಿಲ್ಲ.

ಹೊತ್ತು ಮುಳುಗುವ ಮೊದಲು ಕೊನೆಯ ಬಂಡೆ ಹಿಟ್ಟಾಯಿತು. ಹನ್ನೊಂದನೆಯ ದಿನ ಮಳೆ ಹಿಡಿಯಿತು. ಅಷ್ಟರಲ್ಲಿ ಹನ್ನೊಂದು ಮನೆಯ ಗದ್ದೆಗಳೂ ಸುಣ್ಣ ಕುಡಿದು ಕಾದಿದ್ದವು.

ಈಗ ವಾಸಪ್ಪನವರಿಗೆ ಹೊಸ ತಾಪತ್ರಯ ಶುರುವಾಯಿತು. ಇವರಿಗೆಲ್ಲ ಉಪಕಾರ ಹೇಳಬೇಕಲ್ಲ, ಹೇಗೆ ಹೇಳುವುದು? ನಮ್ಮ ಕಡೆ ಧನ್ಯವಾದ ಎನ್ನುವ ಮಾತು ಸಭೆಯ ಕೊನೆಯಲ್ಲಿ ಮೈಕಿನ ಮುಂದೆ ಮಾತ್ರ ಬರುತ್ತದೆ. ಅದನ್ನು ಪಕ್ಕದ ಮನೆಯವನಿಗೆ ಹೇಳಿದರೆ ಅವನು ಗಾಬರಿಯಾಗಿ, ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಾನೆ. ವಾಸಪ್ಪನವರು ಮಳೆಯಲ್ಲಿ ಕೊಡೆ ಹಿಡಿದು ಮನೆಮನೆಗೆ ಹೋದರು. ದನದ ಬಗ್ಗೆ ಮಾತಾಡಿದರು, ಮಳೆಯ ಬಗ್ಗೆ ಮಾತಾಡಿದರು, ಎದ್ದು ಹೊರಟು ಮೆಟ್ಟಿಲ ಮೇಲೆ ನಿಂತು, "ಮತ್ತೆ, ಅವತ್ತು ಬಂದಿರಿ," ಎಂದರು. ಅವರು, "ಹೂಂ, ಬಂದಿದ್ದೆವು," ಎಂದರು. ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಅರ್ಥವಾಗಿತ್ತು.

ಕೊನೆಗೆ ಒಂದು ಚೀಲ ಸುಣ್ಣವನ್ನು ಸ್ಕೂಟರಿಗೆ ಹೇರಿಕೊಂಡು ಹೆಗಡೆಯವರ ಮನೆಗೆ ಹೋದರು. ಅಂಗಳಕ್ಕೆ ಸ್ಕೂಟರು ಬಂದದ್ದನ್ನು ಕಿಟಕಿಯಿಂದ ಕಂಡ ಹೆಗಡೆಯವರು, ಅರ್ಜಿಯ ವಿಷಯಕ್ಕೆ ಜಗಳಕ್ಕೇ ಬಂದಿದ್ದಾನೆಂದು ತಿಳಿದು, "ಆನು ಮನೇಲಿ ಇಲ್ಲೆ ಹೇಳು," ಎಂದು ಹೆಂಡತಿಗೆ ಪಿಸುಗುಟ್ಟಿದರು.

"ಅವ್ರು ಮನೇಲಿ ಇಲ್ವಂತೆ," ಎಂದರು ವಾಗ್ದೇವಿಯಮ್ಮ ಬಾಗಿಲಲ್ಲಿ ನಿಂತು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಒಳಗಿನಿಂದ ಕೆಮ್ಮು ಕೇಳಿಸಿತು.

"ಇಲ್ದಿದ್ರೂ ತೊಂದ್ರೆ ಇಲ್ಲ ಅಮ್ಮ, ಬಂದಾಗ ಹೇಳಿ," ಎಂದರು ವಾಸಪ್ಪನವರು, ದನಿ ಏರಿಸಿ. "ಹೆಗಡೇರು ಅರ್ಜಿ ಬರೀದಿದ್ರೆ ಅವತ್ತು ಅಷ್ಟು ಜನ ಸೇರ್ತಿರಲಿಲ್ಲ. ನಾವು ಹನ್ನೊಂದು ಮನೆಯವ್ರು ಇವತ್ತಿಗೂ ಕಲ್ಲು ಹೊರ್ತಾ ಇರ್ತಿದ್ವಿ. ಅವರ ನಟ್ಟು, ಅವರ ಜನ, ಅವರದ್ದೇ ಎಲ್ಲ. ನಿಮ್ಮ ಗದ್ದೆಗೂ ಒಂದು ಚೀಲ ತಂದಿದೀನಿ."

ಹೆಗಡೆಯವರು ಹೊರಗೆ ಬಂದರು. ಚೀಲದ ಬಾಯಿ ಬಿಚ್ಚಿ, ಒಂದು ಚಿಟಿಕೆ ಸುಣ್ಣವನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅವರ ಮೂವತ್ತು ವರ್ಷದ ಬರವಣಿಗೆಯಲ್ಲಿ ಅರ್ಜಿಯಿಂದ ಇಂಥದ್ದೊಂದು ಆದದ್ದು ಇದೇ ಮೊದಲು.

"ಕೂತ್ಕೊಳ್ಳಿ ವಾಸಪ್ಪ. ಆ ದುಗ್ಗಪ್ಪನಿಗೆ ಎಂತ ಕೊಟ್ರಿ?"

"ಏನೂ ತಗೊಳ್ಳಲಿಲ್ಲ. ಮಷೀನನ್ನೂ ಇಲ್ಲೇ ಬಿಟ್ಟು ಹೋದ, ಮುಂದಿನ ವರ್ಷಕ್ಕೂ ಬೇಕಾಗ್ತದೆ ಅಂತ. ನಂಗೆ ಅದೇ ಕೊರೀತಾ ಇದೆ."

"ಹಾಗಾದ್ರೆ ಬರಹದಲ್ಲಿ ಹೇಳುವ," ಎಂದು ಹೆಗಡೆಯವರು ಕಾಗದ ತೆಗೆದರು. ದುಗ್ಗಪ್ಪನವರ ಸನ್ನಿಧಿಗೆ, ವಿಷಯ: ಉಪಕಾರ ಸ್ಮರಣೆಯ ಕುರಿತು. ಒಂದೂವರೆ ಪುಟ ಸರಾಗವಾಗಿ ಹರಿಯಿತು. ಮುಗಿಸುವಾಗ ಮಾತ್ರ ಪೆನ್ನು ನಿಂತಿತು. ಜೀವನದಲ್ಲಿ ಅವರು ಯಾವ ಪತ್ರವನ್ನೂ ಒಂದೇ ರೀತಿಗಿಂತ ಬೇರೆ ರೀತಿ ಮುಗಿಸಿದವರಲ್ಲ. ಬಹಳ ಯೋಚಿಸಿ, ಬೇರೇನೂ ಹೊಳೆಯದೆ, ಅದನ್ನೇ ಬರೆದರು: 'ಆದ್ದರಿಂದ ತಾವು ಕೂಡಲೇ ಸ್ಥಳಕ್ಕೆ ಭೇಟಿ ನೀಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.'

ಕಾಗದ ತಲುಪಿದ ಮರುದಿನವೇ, ಸುರಿಯುವ ಮಳೆಯಲ್ಲಿ, ದುಗ್ಗಪ್ಪ ಬಸ್ಸಿಳಿದು ಬಂದ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗ್ರೀಸಿನ ಡಬ್ಬಿ, ಹೆಗಲಿಗೆ ಸ್ಪ್ಯಾನರಿನ ಚೀಲ.

"ಪೋಸ್ಟಿನವ ಓದಿ ಹೇಳ್ದ," ಎಂದ ಏದುಸಿರು ಬಿಡುತ್ತಾ. "ಕೂಡ್ಲೇ ಬಂದು ಕ್ರಮ ತಗೊಳ್ಳಿ ಅಂದಿದೀರಂತೆ. ಏನ್ ಕೆಟ್ಟಿದೆ?"

ವಾಸಪ್ಪನವರು ಬಾಯಿ ತೆರೆದರು. ಏನು ಹೇಳಬೇಕೆಂದು ನಿಜವಾಗಿಯೂ ಗೊತ್ತಾಗಲಿಲ್ಲ, "ಗೊತ್ತಿಲ್ಲ," ಎಂದರು. ಅಷ್ಟರಲ್ಲಿ ವರದಮ್ಮ ಅವನ ಕೈಯಿಂದ ಕೊಡೆಯನ್ನೂ ಗ್ರೀಸಿನ ಡಬ್ಬಿಯನ್ನೂ ಇಸಿದುಕೊಂಡು ಜಗಲಿಯ ಮೂಲೆಗಿಟ್ಟಿದ್ದರು. ಕಾಲಿಗೆ ನೀರು ಕೊಟ್ಟು, ನಡುಮನೆಯಲ್ಲಿ ಮಣೆ ಹಾಕಿ, ತುದಿಯಿದ್ದ ದೊಡ್ಡ ಬಾಳೆಲೆಯನ್ನು ಹಾಸಿದರು.

"ಎಂಥದೂ ಕೆಟ್ಟಿಲ್ಲ ದುಗ್ಗಪ್ಪಣ್ಣ," ಎಂದರು. "ಕ್ರಮ ಅಂದ್ರೆ ಇದೇ. ಕೈ ತೊಳ್ಕೊಂಡು ಬನ್ನಿ."